ಮಲೆನಾಡಿನಲ್ಲಿ ಕ್ರಿಕೆಟ್ ಕಾರ್ಡ್ ಇಡುವವರಿಗೆ: ಮೊದಲು ಒಣಗಿಸಿ, ಆಮೇಲೆ ಜೋಡಿಸಿ

ಕ್ರಿಕೆಟ್ ಆಟಗಾರರ ಚಿತ್ರವಿರುವ ಕಾರ್ಡುಗಳ ಸಂಗ್ರಹವನ್ನು ಹೇಗೆ ಇಡಬೇಕು ಅಂತ ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಆಲ್ಬಮ್ಮೋ ಡಬ್ಬಿಯೋ ಅನ್ನುವುದರ ಬಗ್ಗೆಯೇ ಇರುತ್ತದೆ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಸೀಮೆಯಲ್ಲಿ ಅಲ್ಲಿಂದಲೇ ಶುರು ಮಾಡಿದರೂ ನಡೆಯುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ನಡೆಯುವುದಿಲ್ಲ. ಆರಿದ್ರೆಯಿಂದ ಆಶ್ಲೇಷದವರೆಗೆ ಬಿಡದೆ ಸುರಿಯುವ ಊರಿನಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಕಾಗದದ ಕಾರ್ಡನ್ನು ಅದು ಬಿಡುತ್ತದೆಯೇ? ಹಾಗಾಗಿ ನಮ್ಮ ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಯ ಮಲೆನಾಡಿನವರು ಮೊದಲು ಯೋಚಿಸಬೇಕಾದದ್ದು ಯಾವ ತಿಂಗಳಲ್ಲಿ ಪ್ಯಾಕ್ ಮಾಡುತ್ತೇವೆ ಅನ್ನುವುದನ್ನು. ಡಬ್ಬಿಯ ಪ್ರಶ್ನೆ ಆಮೇಲೆ.

ಇದರ ಹಿಂದೆ ಒಂದು ಸಣ್ಣ ಲೆಕ್ಕ ಇದೆ. ಕಾಗದ ಸುತ್ತಲಿನ ಗಾಳಿಗೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇ. 50 ಇದ್ದಾಗ ನೂರು ಗ್ರಾಂ ಕಾಗದದಲ್ಲಿ ಸುಮಾರು 7 ಗ್ರಾಂ ನೀರು ಇರುತ್ತದೆ, ಶೇ. 85 ಆದಾಗ ಅದು ಹನ್ನೆರಡರ ಹತ್ತಿರ ಹೋಗುತ್ತದೆ. ಒಂದು ಸಾಮಾನ್ಯ ಕಾರ್ಡಿನ ತೂಕ 1.8 ಗ್ರಾಂ ಆಸುಪಾಸು. 800 ಕಾರ್ಡಿನ ಒಂದು ಡಬ್ಬಿ ಅಂದರೆ ಹತ್ತಿರ ಹತ್ತಿರ 1.4 ಕಿಲೋ ಕಾಗದ. ಜುಲೈನಲ್ಲಿ ಪ್ಯಾಕ್ ಮಾಡಿದ ಡಬ್ಬಿಯೊಳಗೆ ಫೆಬ್ರವರಿಯ ಡಬ್ಬಿಗಿಂತ 70 ಗ್ರಾಂ ಹೆಚ್ಚು ನೀರು ಸೇರಿಕೊಂಡಿರುತ್ತದೆ, ಅದೂ ಕಣ್ಣಿಗೆ ಕಾಣದಂತೆ ಕಾರ್ಡಿನ ಒಳಗೇ. ಮುಚ್ಚಳ ಎಷ್ಟು ಬಿಗಿಯೋ ಅಷ್ಟು ಚೆನ್ನಾಗಿ ಆ ನೀರು ಒಳಗೇ ಉಳಿಯುತ್ತದೆ. ರಾತ್ರಿ ಚಳಿಗೆ ಡಬ್ಬಿ ತಣ್ಣಗಾದಾಗ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಬೆವರು ಕಟ್ಟುತ್ತದೆ. ಬೂಷ್ಟು ಶುರುವಾಗುವುದು ಅಲ್ಲಿಂದ.

ಇದಕ್ಕೆ ಹೋಲಿಸಿದರೆ ಮಳೆಗಾಲದಲ್ಲಿ ಒಂದು ಸಲ ಮುಚ್ಚಳ ತೆಗೆದರೆ ಆಗುವ ನಷ್ಟ ಏನೂ ಅಲ್ಲ. 20 ಲೀಟರ್ ಡಬ್ಬಿಯ ತುಂಬ ಜುಲೈನ ಒದ್ದೆ ಗಾಳಿ ಹೊಕ್ಕರೂ ಅದರಲ್ಲಿರುವ ನೀರು ಅರ್ಧ ಗ್ರಾಮಿಗಿಂತ ಕಡಿಮೆ. ಮಳೆಗಾಲದಲ್ಲಿ ಡಬ್ಬಿ ಮುಟ್ಟಲೇಬಾರದು ಎಂದು ಹೆದರುವವರಿದ್ದಾರೆ. ಒಣಗಿದ ಕಾಲದಲ್ಲಿ ಪ್ಯಾಕ್ ಮಾಡಿದ್ದರೆ ಹೆದರಬೇಕಿಲ್ಲ. ಒದ್ದೆ ಕಾಲದಲ್ಲಿ ಪ್ಯಾಕ್ ಮಾಡಿದ್ದರೆ ಮುಚ್ಚಳ ಮುಟ್ಟದೆ ಇದ್ದರೂ ಪ್ರಯೋಜನವಿಲ್ಲ.

ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗಿನ ದಿನಗಳು ಈ ಕೆಲಸಕ್ಕೆ ಸರಿ. ಬೆಳಗಿನ ಮಂಜು ಕರಗಿ, ಹನ್ನೊಂದರಿಂದ ನಾಲ್ಕರ ನಡುವೆ ಗಾಳಿ ನಿಜವಾಗಿ ಒಣಗಿರುತ್ತದೆ. ಕಾಫಿಗೆ ಹೂಮಳೆ ಬೀಳುವ ಮೊದಲೇ ಮುಗಿಸಿಬಿಡಿ. ಪಲ್ಪ್ ಮಾಡಿದ ಬೀಜವನ್ನು ಕಣದಲ್ಲಿ ಹರಡಿ, ತೇವ ಶೇ. 10ಕ್ಕೆ ಇಳಿಯುವವರೆಗೆ ಚೀಲಕ್ಕೆ ತುಂಬದ ಶಿಸ್ತು ಈ ಸೀಮೆಯವರಿಗೆ ಹೊಸದಲ್ಲ. ಕಾರ್ಡಿಗೂ ಅದೇ ಶಿಸ್ತು. ಒಂದೇ ವ್ಯತ್ಯಾಸ, ಕಾರ್ಡನ್ನು ಬಿಸಿಲಿಗೆ ಹಾಕಬಾರದು. ಮುದ್ರಣದ ಬಣ್ಣ, ಅದಕ್ಕಿಂತ ಬೇಗ ಪೆನ್ನಿನ ಸಹಿ, ಬಿಸಿಲಿಗೆ ಮಾಸುತ್ತದೆ. ಕೋಣೆಯೊಳಗೆ, ನೆರಳಲ್ಲಿ, ಮೇಜಿನ ಮೇಲೆ ತೆಳುವಾಗಿ ಹರಡಿ ಎರಡು ದಿನ ಬಿಡಿ. ರಾತ್ರಿ ಕಿಟಕಿ ಮುಚ್ಚಿ, ಮೇಲೆ ಒಂದು ಹತ್ತಿ ಬಟ್ಟೆ ಹೊದಿಸಿ.

ಇದೆಲ್ಲ ಊಹೆಯ ಮೇಲೆ ನಡೆಯಬಾರದು, ಒಂದು ಡಿಜಿಟಲ್ ತೇವಮಾಪಕ ಬೇಕೇ ಬೇಕು. ಅಂಗೈಯಗಲದ ಅಗ್ಗದ ಮಾದರಿ ಸಾಕು. ಆದರೆ ಅಗ್ಗದವು ಐದಾರು ಅಂಕ ಆಚೀಚೆ ತೋರಿಸುವುದು ಸಾಮಾನ್ಯ, ಆದ್ದರಿಂದ ತಂದ ದಿನವೇ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದೆ ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಬೆರೆಸಿ. ಅದನ್ನೂ ಮಾಪಕವನ್ನೂ ಒಂದು ಜಿಪ್ ಕವರಿನೊಳಗೆ ಒಂದಕ್ಕೊಂದು ತಾಗದಂತೆ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮಾಪಕ 5 ಕಡಿಮೆ ಹೇಳುತ್ತದೆ ಎಂದರ್ಥ. ಹಿಂಬದಿಗೆ ಒಂದು ಚೀಟಿ ಅಂಟಿಸಿ ಬರೆದಿಡಿ. ಡಬ್ಬಿಯೊಳಗೆ ಶೇ. 45ರಿಂದ 50 ಇದ್ದರೆ ಒಳ್ಳೆಯದು. 60 ದಾಟಿದರೆ ಕ್ರಮ ಕೈಗೊಳ್ಳಿ. 35ಕ್ಕಿಂತ ಕೆಳಗೆ ಇಳಿಸುವುದೂ ತಪ್ಪು, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಡಬ್ಬಿ ಆರಿಸುವಾಗ ಮುಚ್ಚಳದ ಅಂಚಿನಲ್ಲಿ ರಬ್ಬರ್ ಪಟ್ಟಿ ಇರುವ, ನಾಲ್ಕು ಕಡೆ ಕ್ಲಿಪ್ ಬೀಳುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಪಾರದರ್ಶಕ ಯಾಕೆಂದರೆ ಮಾಪಕವನ್ನು ಒಳಗಿಟ್ಟು ಹೊರಗಿನಿಂದಲೇ ಓದಬಹುದು. ಕಾರ್ಡಿಗೆಂದೇ ಬರುವ ಉದ್ದನೆಯ ರಟ್ಟಿನ ಡಬ್ಬಿಗಳು ಸಾಲಾಗಿ ಜೋಡಿಸಲು ಬಹಳ ಅನುಕೂಲ. ಆದರೆ ಮಲೆನಾಡಿನಲ್ಲಿ ಅವನ್ನು ಹಾಗೇ ಕಪಾಟಿನಲ್ಲಿ ಇಟ್ಟರೆ ರಟ್ಟೇ ತೇವ ಹೀರಿ ಮೆತ್ತಗಾಗುತ್ತದೆ, ಸಿಲ್ವರ್‌ಫಿಶ್ ಹುಳಕ್ಕೂ ಜಿರಳೆಗೂ ಮನೆಯಾಗುತ್ತದೆ. ರಟ್ಟಿನ ಡಬ್ಬಿಯನ್ನು ಪ್ಲಾಸ್ಟಿಕ್ ಡಬ್ಬಿಯ ಒಳಗೆ ಇಡಿ. 800 ಎಂದು ಬರೆದಿರುವ ಡಬ್ಬಿಯಲ್ಲಿ ಕವರ್ ಹಾಕಿದ ಕಾರ್ಡು 600ರ ಆಸುಪಾಸು ಮಾತ್ರ ಹಿಡಿಯುತ್ತದೆ, ಕೊಳ್ಳುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಸಿಲಿಕಾ ಜೆಲ್. ಶೂ ಡಬ್ಬಿಯಲ್ಲಿ ಸಿಕ್ಕಿದ 5 ಗ್ರಾಂ ಪೊಟ್ಟಣ ಎರಡು ಹಾಕಿ ನೆಮ್ಮದಿಯಾಗಿರುವವರು ಬಹಳ. ಒಣಗಿದ ಸಿಲಿಕಾ ಜೆಲ್ ಶೇ. 50 ತೇವಾಂಶದ ಹೊತ್ತಿಗೆ ತನ್ನ ತೂಕದ ಕಾಲು ಭಾಗದಷ್ಟು ನೀರು ಹಿಡಿಯುತ್ತದೆ. ಅಂದರೆ ಅಂಥ ಒಂದು ಪೊಟ್ಟಣ ಹಿಡಿಯುವುದು ಒಂದೂಕಾಲು ಗ್ರಾಂ. ಮೇಲಿನ ಲೆಕ್ಕದ 70 ಗ್ರಾಂ ನೀರು ತೆಗೆಯಲು ಸುಮಾರು 280 ಗ್ರಾಂ ಜೆಲ್ ಬೇಕು, ಕಾಲು ಕಿಲೋಗಿಂತ ಜಾಸ್ತಿ! ಫೆಬ್ರವರಿಯಲ್ಲಿ ಒಣಗಿಸಿಯೇ ತುಂಬಿದ್ದರೆ ಜೆಲ್‌ಗೆ ಉಳಿಯುವ ಕೆಲಸ ಮುಚ್ಚಳದ ಸಂದಿಯಲ್ಲಿ ನಿಧಾನವಾಗಿ ನುಸುಳುವ ತೇವ ಮಾತ್ರ, ಆಗ 20 ಲೀಟರ್ ಡಬ್ಬಿಗೆ 100 ಗ್ರಾಂ ಹಾಕಿ ಮಾಪಕ ನೋಡುತ್ತಿದ್ದರೆ ಸಾಕು. ಬಣ್ಣ ಬದಲಾಗುವ ಜಾತಿಯಲ್ಲಿ ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಮಕ್ಕಳಿರುವ ಮನೆಗೆ ಬೇಡ. ಕಿತ್ತಳೆಯಿಂದ ಹಸಿರಿಗೆ ತಿರುಗುವುದನ್ನು ತನ್ನಿ. ತೆಳು ಹತ್ತಿ ಬಟ್ಟೆಯ ಚೀಲದಲ್ಲಿ ಕಟ್ಟಿ, ಕಾರ್ಡಿಗೆ ತಾಗದಂತೆ ಮೂಲೆಯಲ್ಲಿಡಿ. ಬಣ್ಣ ಪೂರ್ತಿ ತಿರುಗಿದ ಮೇಲೆ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಇದಕ್ಕೆ ಬಳಸಿದ ತಟ್ಟೆಯನ್ನು ಅಡುಗೆಗೆ ಹಿಂದಕ್ಕೆ ತರಬೇಡಿ.

ಜೆಲ್ ಬದಲು ಅಕ್ಕಿ ಕಟ್ಟಿಡುವ ರೂಢಿ ಇದೆ. ಅಕ್ಕಿ ಹೀರುವುದು ಅಲ್ಪ, ಹುಳ ಕರೆಯುವುದು ಖಂಡಿತ. ಬೀರುವಿಗೆಂದು ಮಾರುವ, ತೇವ ಹೀರಿ ನೀರಾಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಗಳು ಬಟ್ಟೆ ಬೀರುವಿನ ಕೆಳಗೆ ಇಟ್ಟರೆ ಒಳ್ಳೆಯ ಕೆಲಸ ಮಾಡುತ್ತವೆ, ಕಾರ್ಡಿನ ಡಬ್ಬಿಯೊಳಗೆ ಮಾತ್ರ ಎಂದೂ ಬೇಡ. ಒಂದು ಸಲ ಮಗುಚಿದರೆ ಆ ಉಪ್ಪುನೀರಿನಿಂದ ಕಾರ್ಡು ಉಳಿಯುವುದಿಲ್ಲ. ನುಸಿ ಗುಳಿಗೆಯೂ ಬೇಡ. ನ್ಯಾಫ್ತಲೀನಿನ ಆವಿ ಪಾಲಿಸ್ಟೈರೀನಿನಂಥ ಗಟ್ಟಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಮಂಕಾಗಿಸುತ್ತದೆ. ಹುಳಕ್ಕೆ ಬಿಗಿ ಮುಚ್ಚಳವೇ ಮದ್ದು.

ಡಬ್ಬಿಯನ್ನು ಮನೆಯಲ್ಲಿ ಎಲ್ಲಿಡುವುದು? ಅಟ್ಟ ಬೇಡ. ಹೆಂಚಿನ ಮನೆಯಾದರೆ ಎಲ್ಲಿ ಸೋರುತ್ತದೆ ಎಂದು ಮಳೆ ಬಂದ ಮೇಲೆ ಗೊತ್ತಾಗುತ್ತದೆ. ಆರ್‌ಸಿಸಿ ಮನೆಯ ಸಜ್ಜಾ ಏಪ್ರಿಲ್‌ನಲ್ಲಿ ಕಾದ ಕಾವಲಿ. ಮಳೆಗಾಳಿ ಹೊಡೆಯುವ ಪಶ್ಚಿಮದ ಹೊರಗೋಡೆಗೆ ತಾಗಿಸಿಯೂ ಇಡಬೇಡಿ. ಮನೆಯ ನಡುವಿನ ಕೋಣೆ, ಒಳಗೋಡೆ, ಕಬ್ಬಿಣದ ಬೀರು, ಗೋಡೆಯಿಂದ ನಾಲ್ಕಿಂಚು ದೂರ, ನೆಲಕ್ಕೆ ತಾಗದ ಖಾನೆ. ಹೊಸ ಪ್ಲೈವುಡ್ ಕಪಾಟಿನಿಂದ ಬಹಳ ದಿನ ಆವಿ ಹೊರಡುತ್ತಿರುತ್ತದೆ, ಅದು ಕಾಗದಕ್ಕೆ ಒಳ್ಳೆಯದಲ್ಲ. ಬೀರುವಿನಲ್ಲಿ ಬಲ್ಬ್ ಉರಿಸಿ ಬೆಚ್ಚಗಿಡುವ ಪದ್ಧತಿ ಕಾಗದ, ಪ್ಲಾಸ್ಟಿಕ್ ತುಂಬಿದ ಬೀರುವಿಗೆ ಬೆಂಕಿಯ ಅಪಾಯ.

ಈಗ ಒಂದೊಂದು ಕಾರ್ಡಿನ ಹೊದಿಕೆಗೆ ಬರೋಣ. ಇವತ್ತು ಸಿಗುವ ಹೆಚ್ಚಿನ ಕಾರ್ಡು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. 1957ರಲ್ಲಿ ಟಾಪ್ಸ್ ಕಂಪನಿ ತನ್ನ ಬೇಸ್‌ಬಾಲ್ ಕಾರ್ಡಿಗೆ ಈ ಅಳತೆ ತಂದ ಮೇಲೆ ಅದೇ ರೂಢಿಯಾಯಿತು. ಕವರು, ಹಾಳೆ, ಡಬ್ಬಿ ಎಲ್ಲ ಈ ಅಳತೆಗೇ ಬರುತ್ತವೆ. ಟ್ರಂಪ್ ಕಾರ್ಡು, ಬಬಲ್ ಗಮ್ ಜೊತೆ ಬರುತ್ತಿದ್ದ ಹಳೆಯ ಚಿತ್ರಗಳು, ಸಿಗರೇಟ್ ಪ್ಯಾಕಿನ ಕಾಲದ ಕಾರ್ಡುಗಳು ಈ ಅಳತೆಗೆ ಹೊಂದಲೇಬೇಕೆಂದಿಲ್ಲ. ಸಣ್ಣ ಕಾರ್ಡು ಆಲ್ಬಮ್ ಹಾಳೆಯ ದೊಡ್ಡ ಜೇಬಿನಲ್ಲಿ ಓಲಾಡಿದರೆ ಮೂಲೆ ಸವೆಯುತ್ತದೆ. ಅವಕ್ಕೆ ಅಂಚೆಚೀಟಿ ಸಂಗ್ರಹಕಾರರು ಬಳಸುವ ಸ್ಟಾಕ್ ಬುಕ್ ಒಳ್ಳೆಯದು. ಅಂಟು ಹಾಳೆಯ ಹಳೇ ಫೋಟೋ ಆಲ್ಬಮ್ ಮಾತ್ರ ಬೇಡವೇ ಬೇಡ, ಕೆಲವು ವರ್ಷದಲ್ಲಿ ಅಂಟು ಕಾರ್ಡಿನ ಬೆನ್ನಿಗೆ ಇಳಿದುಬಿಡುತ್ತದೆ.

ಪ್ಲಾಸ್ಟಿಕ್ ಯಾವುದಾದರೂ ನಡೆಯುತ್ತದೆ ಅನ್ನುವುದು ದೊಡ್ಡ ತಪ್ಪು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ, ಹೊಸ ಶವರ್ ಪರದೆಯಂಥ ವಾಸನೆ ಬರುವ ಹಾಳೆ ಪಿವಿಸಿ. ಅದನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ಹೊರಬಂದು ಕಾರ್ಡಿನ ಮೇಲ್ಮೈಗೆ ಅಂಟುತ್ತದೆ, ಶಾಯಿಯನ್ನೇ ಎಬ್ಬಿಸುತ್ತದೆ. ಸೆಖೆಯೂ ತೇವವೂ ಇರುವಲ್ಲಿ ಇದು ಇನ್ನೂ ಬೇಗ. ಕವರು, ಹಾಳೆಯ ಮೇಲೆ ಪಾಲಿಪ್ರೊಪಿಲೀನ್, ಪಾಲಿಥಿಲೀನ್, ಪಾಲಿಯೆಸ್ಟರ್ ಎಂದು ಬರೆದಿದ್ದರೆ ಮಾತ್ರ ಕೊಳ್ಳಿ. ಏನೂ ಬರೆದಿಲ್ಲವಾದರೆ ಬಿಟ್ಟುಬಿಡಿ.

ಬಿಡಿ ಕಾರ್ಡಿಗೆ ಮೊದಲು ತೆಳು ಕವರು, ಅದಕ್ಕೆ ಪೆನ್ನಿ ಸ್ಲೀವ್ ಅನ್ನುತ್ತಾರೆ. ಬೆಲೆಯುಳ್ಳದ್ದಾದರೆ ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಹೊದಿಕೆ. ಕವರಿಲ್ಲದ ಬರಿ ಕಾರ್ಡನ್ನು ನೇರ ಟಾಪ್‌ಲೋಡರಿಗೆ ತೂರಿಸಬಾರದು, ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಮೇಲ್ಮೈ ಗೀರುತ್ತದೆ. ಕವರಿನೊಳಗೆ ಕಾರ್ಡು ಹಾಕುವಾಗ ಮೂಲೆ ಮಡಚುವುದು ಹೆಚ್ಚಾಗಿ ಆಗುವ ಅವಘಡ. ಕವರಿನ ಬಾಯನ್ನು ಎರಡು ಬದಿಯಿಂದ ಮೆಲ್ಲಗೆ ಒತ್ತಿದರೆ ಅದು ಉಬ್ಬಿ ತೆರೆದುಕೊಳ್ಳುತ್ತದೆ. ಕಾರ್ಡನ್ನು ತುಸು ಓರೆ ಹಿಡಿದು ಒಂದು ಕೆಳಮೂಲೆ ಮೊದಲು ಒಳಗೆ ಬಿಟ್ಟು, ಆಮೇಲೆ ನೇರ ಮಾಡಿ ಜಾರಿಸಿ, ಒತ್ತಬೇಡಿ. ಕೈ ತೊಳೆದು ಪೂರ್ತಿ ಒರೆಸಿಕೊಂಡಿರಬೇಕು, ತಲೆಗೆ ಎಣ್ಣೆ ಹಚ್ಚಿದ ಕೈಯಂತೂ ಬೇಡ. ಟಾಪ್‌ಲೋಡರಿನ ಬಾಯಿ ಮುಚ್ಚಲು ಸೆಲ್ಲೋ ಟೇಪ್ ಹಾಕಿದರೆ ಅದರ ಗಮ್ ಕಾರ್ಡಿನವರೆಗೂ ಇಳಿಯುತ್ತದೆ. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪನ್ನು ಒಂದು ತುದಿ ಮಡಚಿ ಅಂಟಿಸಿ, ಎಳೆದರೆ ಕಲೆಯಿಲ್ಲದೆ ಬರುತ್ತದೆ.

ಟಾಪ್‌ಲೋಡರ್‌ಗಳು ಪಾಯಿಂಟ್ ಲೆಕ್ಕದಲ್ಲಿ ಬರುತ್ತವೆ. ಒಂದು ಪಾಯಿಂಟ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಮಾಮೂಲಿ ಕಾರ್ಡಿಗೆ 35 ಪಾಯಿಂಟ್. ಜೆರ್ಸಿಯ ತುಂಡು ಅಂಟಿಸಿದ ದಪ್ಪ ಕಾರ್ಡಿಗೆ 100, 130, ಕೆಲವಕ್ಕೆ 180 ಬೇಕಾಗುತ್ತದೆ. 130 ಪಾಯಿಂಟ್ ಅಂದರೆ 3.3 ಮಿ.ಮೀ. ದಪ್ಪ ಕಾರ್ಡನ್ನು ತೆಳು ಹೊದಿಕೆಗೆ ಒತ್ತಿದರೆ ಅಂಚು ಜಜ್ಜುತ್ತದೆ, ತೆಳು ಕಾರ್ಡು ದಪ್ಪ ಹೊದಿಕೆಯಲ್ಲಿ ಅಲ್ಲಾಡಿ ಮೂಲೆ ಕಳೆದುಕೊಳ್ಳುತ್ತದೆ. ಇನ್ನೊಂದು ವಿಷಯ ಕೊಳ್ಳುವ ಮುಂಚೆ ಗೊತ್ತಿರಲಿ: ಟಾಪ್‌ಲೋಡರಿನ ಹೊರ ಅಗಲ ಮೂರು ಇಂಚು, ಬರಿ ಕಾರ್ಡಿಗೆಂದು ಮಾಡಿದ ಡಬ್ಬಿಯ ಸಾಲಿನಲ್ಲಿ ಅದು ಕೂರುವುದಿಲ್ಲ. ಅಗಲ ಸಾಲಿನ ಡಬ್ಬಿ ಬೇರೆ ಬೇಕು.

ಮಕ್ಕಳು ತಿರುಗಿಸಿ ನೋಡುವಂಥ ಸೆಟ್‌ಗೆ ಆಲ್ಬಮ್ ಚೆನ್ನ. ಒಂದು ಹಾಳೆಗೆ ಒಂಬತ್ತು ಜೇಬು. ಬೆನ್ನಿಗೆ ಬೆನ್ನು ಕೊಟ್ಟು ಹದಿನೆಂಟು ತುಂಬುವವರಿದ್ದಾರೆ, ಒಣ ಊರಿನಲ್ಲಿ ತೊಂದರೆಯಿಲ್ಲ. ಮಲೆನಾಡಿನಲ್ಲಿ ಹೊಳಪಿನ ಕಾರ್ಡುಗಳು ತೇವಕ್ಕೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಜೇಬಿಗೆ ಒಂದೇ ಇರಲಿ. ಬೈಂಡರ್ ತರುವಾಗ ಉಂಗುರ ನೋಡಿ. ಪೂರ್ತಿ ದುಂಡನೆಯ ಉಂಗುರ ಮುಚ್ಚಿದಾಗ ಒಳಬದಿಯ ಹಾಳೆಗಳ ಮೇಲೆ ಒತ್ತಿ, ಅಲ್ಲಿರುವ ಕಾರ್ಡಿನ ಮೇಲೆ ಕಮಾನಿನಂಥ ಗುರುತು ಬೀಳಿಸುತ್ತದೆ. ಇಂಗ್ಲಿಷಿನ ಡಿ ಆಕಾರದ ಉಂಗುರದಲ್ಲಿ ಹಾಳೆಗಳು ನೇರ ನಿಲ್ಲುತ್ತವೆ. ಆಲ್ಬಮ್ಮನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನವು ಮೇಲಿನ ಭಾರಕ್ಕೆ ಅಂಟುತ್ತವೆ. ರಬ್ಬರ್ ಬ್ಯಾಂಡ್ ಯಾವ ಕಟ್ಟಿಗೂ ಹಾಕಬೇಡಿ, ಹಾಕಿದ ದಿನವೇ ಅಂಚಿಗೆ ಕಚ್ಚು ಬೀಳುತ್ತದೆ, ವರ್ಷ ಕಳೆದರೆ ಕರಗಿ ಮೆತ್ತಿಕೊಳ್ಳುತ್ತದೆ.

ಮಿರಿಮಿರಿ ಹೊಳೆಯುವ ಫಾಯಿಲ್ ಕಾರ್ಡು ಬಾಗುವುದಕ್ಕೆ ಕಾರಣ ತಿಳಿದರೆ ಸರಿಪಡಿಸುವುದೂ ತಿಳಿಯುತ್ತದೆ. ಮುಂಭಾಗದ ಫಾಯಿಲ್ ನೀರು ಕುಡಿಯುವುದಿಲ್ಲ, ಹಿಂಬದಿಯ ಕಾಗದ ಕುಡಿದು ಹಿಗ್ಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕಾರ್ಡು ಮುಖದ ಕಡೆಗೆ ಮುದುಡುತ್ತದೆ. ಅತಿಯಾಗಿ ಒಣಗಿಸಿದರೆ ಕಾಗದ ಕುಗ್ಗಿ ಬೆನ್ನಿನ ಕಡೆಗೆ ಬಾಗುತ್ತದೆ. 35ಕ್ಕಿಂತ ಕೆಳಗೆ ಇಳಿಸಬೇಡಿ ಎಂದದ್ದು ಇದಕ್ಕೇ, ಬಯಲು ಸೀಮೆಯ ಬೇಸಿಗೆಯಲ್ಲಿ ಇದು ಜೆಲ್ ಇಲ್ಲದೆಯೂ ಆಗುತ್ತದೆ. ಬಾಗಿದ ಕಾರ್ಡನ್ನು ಕೂಡಲೇ ದಪ್ಪ ಪುಸ್ತಕದಡಿ ಒತ್ತಿಟ್ಟರೆ ತೆಗೆದ ಮರುದಿನ ಮತ್ತೆ ಬಾಗುತ್ತದೆ. ಮೊದಲು ಶೇ. 50ರ ಡಬ್ಬಿಯಲ್ಲಿ ಒಂದು ವಾರ ಇಟ್ಟು, ಅದರಷ್ಟಕ್ಕೆ ಹದಕ್ಕೆ ಬಂದ ಮೇಲೆ ಒತ್ತಿ. ಕಟ್ಟುಕಟ್ಟಾಗಿ ಕಚ್ಚಿಕೊಂಡ ಕಾರ್ಡುಗಳನ್ನು ಎಳೆದು ಬಿಡಿಸಿದರೆ ಒಂದರ ಮುಖ ಇನ್ನೊಂದರ ಬೆನ್ನಿಗೆ ಹೋಗುತ್ತದೆ. ಜೆಲ್ ಹಾಕಿದ ಡಬ್ಬಿಯಲ್ಲಿ ಎರಡು ವಾರ ಬಿಟ್ಟು, ಇಡೀ ಕಟ್ಟನ್ನು ಮೆಲ್ಲಗೆ ಆಚೀಚೆ ಬಳುಕಿಸಿ. ಹೇರ್ ಡ್ರೈಯರ್ ಹಿಡಿಯಬೇಡಿ. ಬೂಷ್ಟು ಕಂಡರೆ ಆ ಕಾರ್ಡನ್ನು ಮೊದಲು ಬೇರೆ ಮಾಡಿ, ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿ, ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹರಡುತ್ತದೆ. ಕಲೆ ಉಳಿಯುತ್ತದೆ, ಅದಕ್ಕೆ ಮದ್ದಿಲ್ಲ.

ಜೋಡಣೆಯ ವಿಷಯಕ್ಕೆ ಬಂದರೆ, ಐಪಿಎಲ್ ಕಾರ್ಡುಗಳನ್ನು ತಂಡದ ಪ್ರಕಾರ ಜೋಡಿಸಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆ.ಎಲ್. ರಾಹುಲ್ ಒಬ್ಬರೇ ಬೆಂಗಳೂರು, ಹೈದರಾಬಾದ್, ಪಂಜಾಬ್, ಲಖನೌ, ದೆಹಲಿ ಎಂದು ಐದು ಕಡೆ ಹಂಚಿಹೋಗುತ್ತಾರೆ. ತಂಡದ ಹೆಸರುಗಳೂ ನಿಲ್ಲುವುದಿಲ್ಲ: ಡೆಲ್ಲಿ ಡೇರ್‌ಡೆವಿಲ್ಸ್ 2019ರ ಸೀಸನ್ನಿಗೆ ಕ್ಯಾಪಿಟಲ್ಸ್ ಆಯಿತು, ಕಿಂಗ್ಸ್ ಇಲೆವೆನ್ ಪಂಜಾಬ್ 2021ರಲ್ಲಿ ಪಂಜಾಬ್ ಕಿಂಗ್ಸ್ ಆಯಿತು. ಕ್ರಿಕೆಟ್ ಅಟ್ಯಾಕ್ಸ್‌ನಂಥ ಸೆಟ್‌ಗಳಲ್ಲಿ ಕಾರ್ಡಿನ ಮೇಲೇ ನಂಬರ್ ಇರುತ್ತದೆ. ಮಾಮೂಲಿ ಕಾರ್ಡನ್ನು ಸೆಟ್, ವರ್ಷ, ನಂಬರ್ ಕ್ರಮದಲ್ಲಿ ಇಡಿ, ಯಾವುದು ಇಲ್ಲ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸಹಿ, ಜೆರ್ಸಿ, ಕಡಿಮೆ ಸಂಖ್ಯೆಯಲ್ಲಿ ಅಚ್ಚಾದ ವಿಶೇಷ ಕಾರ್ಡು ಬೇರೆ ಡಬ್ಬಿಯಲ್ಲಿ, ಆಟಗಾರನ ಹೆಸರಿನ ಕ್ರಮದಲ್ಲಿ. ಒಂದೇ ಡಬ್ಬಿಯಲ್ಲಿ ಎರಡು ಕ್ರಮ ಬೆರೆಸಬೇಡಿ.

ಹೆಸರಿನ ಕ್ರಮಕ್ಕೂ ಒಂದು ನಿಯಮ ಬೇಕು. ಇನಿಷಿಯಲ್ ಹಿಡಿದರೆ ಜಿ.ಆರ್. ವಿಶ್ವನಾಥ್ ಒಂದು ಕಾರ್ಡಿನಲ್ಲಿ ಜಿ ಕೆಳಗೆ, ಬರೀ ವಿಶ್ವನಾಥ್ ಎಂದು ಬರೆದ ಇನ್ನೊಂದರಲ್ಲಿ ವಿ ಕೆಳಗೆ ಹೋಗುತ್ತಾರೆ. ಜನ ಕರೆಯುವ ಹೆಸರನ್ನೇ ಹಿಡಿಯಿರಿ: ವಿಶ್ವನಾಥ್, ರಾಹುಲ್, ಶ್ರೀನಾಥ್. ಕಾರ್ಡಿನ ಮೇಲೆ ಅಚ್ಚಾಗಿರುವುದು ಇಂಗ್ಲಿಷ್ ಆದ್ದರಿಂದ ಆ ಅಕ್ಷರಮಾಲೆಯ ಕ್ರಮವೇ ಸಲೀಸು. ಹೊಸಬರಿಗೆ ಒಂದು ಸಣ್ಣ ಗುರಿ ಬೇಕಿದ್ದರೆ ನಮ್ಮ ಎರಡು ಜಿಲ್ಲೆಯ ನಂಟಿರುವವರ ಒಂದು ಸಾಲು ಮಾಡಬಹುದು: ಹೆಸರಿನಲ್ಲೇ ಊರನ್ನು ಹೊತ್ತ, ಟೆಸ್ಟ್‌ನಲ್ಲಿ 236, ಏಕದಿನದಲ್ಲಿ 315 ವಿಕೆಟ್ ತೆಗೆದ ಜಾವಗಲ್ ಶ್ರೀನಾಥ್, 1996ರಲ್ಲಿ ಎರಡು ಟೆಸ್ಟ್ ಆಡಿದ ಅರಸೀಕೆರೆಯ ಡೇವಿಡ್ ಜಾನ್ಸನ್, ಕಡೂರಿನ ವೇದಾ ಕೃಷ್ಣಮೂರ್ತಿ. ಇಂಥ ಸಾಲು ಐವತ್ತು ಕಾರ್ಡಿಗೂ ಬೆಳೆಯಲಿಕ್ಕಿಲ್ಲ, ಆದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಕೂತು ಸಂಗ್ರಹಿಸುವವರಿಗೆ ಅದಕ್ಕೊಂದು ಅರ್ಥವಿದೆ.

ರಾಶಿ ಬಿದ್ದಿರುವ ಕಾರ್ಡನ್ನು ನಂಬರ್ ಕ್ರಮಕ್ಕೆ ತರುವಾಗ ಒಂದೊಂದನ್ನೇ ಅದರ ಜಾಗಕ್ಕೆ ತೂರಿಸುತ್ತಾ ಹೋದರೆ ದಿನಗಟ್ಟಲೆ ಹಿಡಿಯುತ್ತದೆ. ಮೊದಲು ಸೆಟ್ ಸೆಟ್ ಬೇರೆ ಮಾಡಿ. 300 ಕಾರ್ಡಿನ ಸೆಟ್ ಆದರೆ ನೂರು ನೂರರ ಮೂರು ಗುಡ್ಡೆ. ಒಂದು ಗುಡ್ಡೆ ಎತ್ತಿಕೊಂಡು ಹತ್ತು ಹತ್ತರಂತೆ ಹತ್ತು ಗುಡ್ಡೆ, ಮೇಜಿನ ಮೇಲೆ ಐದೈದರ ಎರಡು ಸಾಲು. ಪ್ರತಿ ಹತ್ತನ್ನು ಕೈಯಲ್ಲೇ ಜೋಡಿಸಿ. ಡಬಲ್ ಬಂದವು ಕೂಡಲೇ ಪಕ್ಕಕ್ಕೆ. ಫ್ಯಾನ್ ಆಫ್ ಮಾಡಿ ಕೂತುಕೊಳ್ಳಿ.

ಪಟ್ಟಿಗೆ ಮೊಬೈಲಿನ ಸ್ಪ್ರೆಡ್‌ಶೀಟ್ ಸಾಕು. ಸೆಟ್, ವರ್ಷ, ಕಾರ್ಡ್ ನಂಬರ್, ಆಟಗಾರ, ಬಗೆ, ಸ್ಥಿತಿ, ಕೊಟ್ಟ ಬೆಲೆ, ಇರುವ ಜಾಗ. ಈ ಕೊನೆಯ ಕಾಲಂ ಬಿಟ್ಟರೆ ಉಳಿದ ಪಟ್ಟಿಯಿಂದ ಅರ್ಧ ಉಪಯೋಗವೂ ಇಲ್ಲ. ಡಬ್ಬಿಗೆ ಅಕ್ಷರ, ಸಾಲಿಗೆ ಅಂಕಿ ಕೊಟ್ಟು ಬಿ-2 ಎಂದು ಬರೆಯಿರಿ, ಡಬ್ಬಿಯ ಹೊರಗೂ ಅದನ್ನೇ ಅಂಟಿಸಿ. ಕಾರ್ಡನ್ನು ಯಾರಿಗಾದರೂ ತೋರಿಸಲು ಹೊರಗೆ ತೆಗೆದರೆ ಅದರ ಜಾಗದಲ್ಲಿ ಅದೇ ಅಳತೆಯ ಬಿಳಿ ರಟ್ಟು ನಿಲ್ಲಿಸಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಮತ್ತು ತಾರೀಕು ಬರೆಯಿರಿ. ಸಾಲಿನಲ್ಲಿ ಜಾಗ ಉಳಿದಿದ್ದರೆ ಕಾರ್ಡುಗಳು ವಾಲಿ ಬಾಗುತ್ತವೆ, ಹಿಂದೆ ಒಂದು ಫೋಮ್ ತುಂಡು ಇಡಿ. ಬೆರಳು ತೂರುವಷ್ಟು ಸಡಿಲ ಇರಬೇಕು, ಅದಕ್ಕಿಂತ ಬಿಗಿ ಬೇಡ. ವಿಶೇಷ ಕಾರ್ಡುಗಳ ಎರಡೂ ಬದಿಯ ಫೋಟೋ ತೆಗೆದು ಪಟ್ಟಿಯ ಜೊತೆ ಇನ್ನೊಂದು ಕಡೆಯೂ ಉಳಿಸಿಡಿ, ಮೊಬೈಲ್ ಕಳೆದರೂ ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಕೈಗೆ ಸಿಗುತ್ತದೆ.